ಬಿಸ್ಕತ್ತಿನ ಮೇಲಿನ ಪಿಕಾಚುಗೂ ಒಂದು ಪುಟ ಬೇಕೆ?

ನಮಸ್ಕಾರ.

ನೀವು ಕಳಿಸಿದ ‘ಪೊಕೆಮಾನ್ ಮತ್ತು ಬ್ರ್ಯಾಂಡ್‌ಗಳ ಸಹಯೋಗ: ಸಂಪೂರ್ಣ ಪಟ್ಟಿ’ ಓದಿ ಮುಗಿಸಿದೆ. ಇದ್ದ ಹಾಗೆ ನಮ್ಮ ಪೊಕೆಮಾನ್ ಅಭಿಮಾನಿಗಳ ವಿಕಿಗೆ ಹಾಕಲು ಬರುವುದಿಲ್ಲ. ‘ಪರಿಶೀಲನೆಯಲ್ಲಿದೆ’ ಎಂದು ತಿಂಗಳುಗಟ್ಟಲೆ ಕಾಯಿಸುವುದಕ್ಕಿಂತ ಈಗಲೇ ಹೇಳಿಬಿಡುವುದು ವಾಸಿ. ನಿಮ್ಮ ಬರಹದೊಳಗೆ ಎರಡು ಒಳ್ಳೆಯ ಪುಟಗಳಿವೆ. ಮೂರನೆಯದೊಂದನ್ನು ನೀವೇ ಬರೆಯಬೇಕು, ಬೇರೆಯವರ ಕೈಲಿ ಆಗುವುದಿಲ್ಲ. ಆದರೆ ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಮಿಕ್ಕಿದ್ದರಲ್ಲಿ ಬಹುಪಾಲು ಜಾಹೀರಾತು.

ಜಾಹೀರಾತು ಅಂದೆನೆಂದು ಬೇಜಾರು ಮಾಡಿಕೊಳ್ಳಬೇಡಿ. 2021ರ ಓರಿಯೊ ಬಿಸ್ಕತ್ತಿನ ಭಾಗವನ್ನೇ ಇನ್ನೊಮ್ಮೆ ಓದಿ. ‘ಅಭಿಮಾನಿಗಳ ಮನಗೆದ್ದ’, ‘ಹಿಂದೆಂದೂ ಕಾಣದ’, ‘ರುಚಿ ಮತ್ತು ಸಾಹಸದ ಸಂಗಮ’. ನೀವು ಗೆಳೆಯರ ಹತ್ತಿರ ಹೀಗೆ ಮಾತಾಡುತ್ತೀರಾ? ಕಂಪನಿಯ ಪ್ರಕಟಣೆಯ ಭಾಷೆ ನಿಮ್ಮ ಕೈಗೆ ಅಂಟಿಕೊಂಡಿದೆ. ಅದನ್ನು ಒರೆಸಿದರೆ ಉಳಿಯುವ ಸಂಗತಿ ಇಷ್ಟೇ: ಹದಿನಾರು ಬಗೆಯ ಪೊಕೆಮಾನ್ ಅಚ್ಚುಗಳಿದ್ದವು, ಮ್ಯೂ ಎಂಬ ಪೊಕೆಮಾನ್‌ನ ಅಚ್ಚು ಅಪರೂಪವಾಗಿತ್ತು, ಆ ಒಂದು ಬಿಸ್ಕತ್ತಿಗೆ ಜನ ಆನ್‌ಲೈನ್‌ನಲ್ಲಿ ಬಾಯಿಗೆ ಬಂದ ಬೆಲೆ ಹೇಳಿದರು. ಇದು ಮ್ಯೂ ಪುಟದ ಕೊನೆಯಲ್ಲಿ ಎರಡು ಸಾಲು. ನೀವು ಆರು ಪ್ಯಾರಾ ಬರೆದಿದ್ದೀರಿ, ಮೇಲೊಂದು ಇನ್ಫೋಬಾಕ್ಸ್ ಬೇರೆ, ಅದರಲ್ಲಿ ಕಂಪನಿಯ ಲೋಗೊ.

ಇಂಥ ಬರಹ ಬಂದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಆಫರ್ ಮುಗಿದ ಮಾರನೇ ದಿನ ಏನು ಉಳಿಯಿತು? ಆಟದೊಳಗೆ ಏನಾದರೂ ಸೇರಿಕೊಂಡಿತೆ? ಕಾರ್ಡೋ, ಘಟನೆಯೋ, ಹೊಸ ಜಾಗವೋ? ಅಥವಾ ಹೊರಗೆ, ಜನರ ನಡುವೆ, ಏನಾದರೂ ಆಯಿತೆ? ಬ್ರ್ಯಾಂಡ್ ಎಷ್ಟು ದೊಡ್ಡದು ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನೀವು ದೊಡ್ಡ ಕಂಪನಿಗಳನ್ನು ಮೇಲಿಟ್ಟು ಸಣ್ಣವನ್ನು ಕೆಳಗಿಟ್ಟಿದ್ದೀರಿ. ಹಾಗಾಗಿಯೇ ನಿಮ್ಮ ಪಟ್ಟಿಯ ಅತ್ಯುತ್ತಮ ಸಂಗತಿ ಎಲ್ಲೋ ಅಡಿಯಲ್ಲಿ ಸಿಕ್ಕಿಕೊಂಡಿದೆ.

ಅದು ಯಾವುದು ಅಂದರೆ ಈ ವಾಕ್ಯ: ‘2009ರಲ್ಲಿ ಟಾಯ್ಸ್ ಆರ್ ಅಸ್ ಮಳಿಗೆಗಳಲ್ಲಿ ಆರ್ಸಿಯಸ್ ವಿತರಿಸಲಾಯಿತು.’ ಪೊಕೆಮಾನ್ ಪುರಾಣದಲ್ಲಿ ಜಗತ್ತನ್ನೇ ಸೃಷ್ಟಿಸಿದ ಆರ್ಸಿಯಸ್ ಬಗ್ಗೆ ಇಷ್ಟೇ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ! ಮೇಲುನೋಟಕ್ಕೆ ಅದು ಆಟಿಕೆ ಅಂಗಡಿಗೆ ಗಿರಾಕಿ ಕರೆಯುವ ಉಪಾಯವೇ ಸರಿ. ಅಮೆರಿಕದಲ್ಲಿ ಆ ವರ್ಷ ನವೆಂಬರ್ 7ರಿಂದ 15ರವರೆಗೆ ಮಕ್ಕಳು ನಿಂಟೆಂಡೊ ಡಿಎಸ್ ಹಿಡಿದು ಅಂಗಡಿಗೆ ಹೋದರು, ವೈರ್‌ಲೆಸ್‌ನಲ್ಲಿ ಆರ್ಸಿಯಸ್ ಇಳಿಸಿಕೊಂಡು ಬಂದರು. ಕಥೆ ಶುರುವಾಗುವುದು ಆಮೇಲೆ. ಮರುವರ್ಷ ಅಲ್ಲಿ ಹಾರ್ಟ್‌ಗೋಲ್ಡ್ ಮತ್ತು ಸೋಲ್‌ಸಿಲ್ವರ್ ಎಂಬ ಹೊಸ ಆಟಗಳು ಬಂದವು. ಅಂಗಡಿಯಲ್ಲಿ ಸಿಕ್ಕ ಅದೇ ಆರ್ಸಿಯಸ್ಸನ್ನು ಅವಕ್ಕೆ ಟ್ರೇಡ್ ಮಾಡಿಕೊಂಡು ಆಟದೊಳಗಿನ ಆಲ್ಫ್ ಅವಶೇಷಗಳ ಬಳಿ ಕರೆದೊಯ್ದರೆ ಸಿಂಜೊ ಅವಶೇಷಗಳ ದಾರಿ ತೆರೆಯುತ್ತದೆ. ಬರೀ ನಡೆದುಕೊಂಡು ಹೋಗಿ ತಲುಪುವ ಜಾಗವಲ್ಲ ಅದು. ಸುತ್ತ ಹಿಮ, ಅಲ್ಲಿ ಹಿಂದಿನ ಆಟಗಳ ಚಾಂಪಿಯನ್ ಸಿಂಥಿಯಾ ಎದುರಾಗುತ್ತಾಳೆ. ಡಿಯಾಲ್ಗಾ, ಪಾಲ್ಕಿಯಾ, ಗಿರಾಟಿನಾ ಈ ಮೂರು ಪೊಕೆಮಾನ್‌ಗಳಲ್ಲಿ ಒಂದನ್ನು ಆರಿಸಬೇಕು. ಆರಿಸಿದ್ದನ್ನು ಆರ್ಸಿಯಸ್ ಸೃಷ್ಟಿಸುವಾಗ ಪಿಕ್ಸೆಲ್ ಚಿತ್ರಗಳ ಆ ಆಟದಲ್ಲಿ ಇದ್ದಕ್ಕಿದ್ದಂತೆ ನಿಜವಾದ ಫೋಟೊಗಳು ಮಿಂಚಿ ಹೋಗುತ್ತವೆ. ಕೊನೆಗೆ ಕೈಗೆ ಸಿಗುವುದು ಲೆವೆಲ್ 1ರ ಮರಿ.

ಅಂಗಡಿಯ ಪ್ರಚಾರವೊಂದು ಆಟದ ಪುರಾಣದ ಇಡೀ ಅಧ್ಯಾಯಕ್ಕೆ ಬೀಗದ ಕೈ ಆಯಿತು. ಇದಕ್ಕೆ ಪುಟ ಕೊಡದೆ ಇನ್ಯಾವುದಕ್ಕೆ ಕೊಡೋಣ? ಆ ದೃಶ್ಯವನ್ನು ಒಮ್ಮೆ ಪೂರ್ತಿ ನೋಡಿ, ಯಾವ ಕ್ರಮದಲ್ಲಿ ಏನು ಕಾಣುತ್ತದೆ ಎಂದು ಬರೆದುಕೊಳ್ಳಿ, ಪುಟ ತಾನಾಗಿ ತುಂಬುತ್ತದೆ.

ಎರಡನೆಯದು ಆಮ್‌ಸ್ಟರ್‌ಡಾಮಿನ ವ್ಯಾನ್ ಗೋ ಮ್ಯೂಸಿಯಂ. ಮ್ಯೂಸಿಯಂಗೆ ಐವತ್ತು ತುಂಬಿದಾಗ, 2023ರ ಸೆಪ್ಟೆಂಬರ್ 28ರಂದು ಈ ಸಹಯೋಗ ಶುರುವಾಯಿತು ಎಂದು ಸರಿಯಾಗಿಯೇ ಬರೆದಿದ್ದೀರಿ. ಚಿತ್ರಗಳ ವಿವರವೂ ಚೆನ್ನಾಗಿದೆ: ಬೂದು ಫೆಲ್ಟ್ ಟೋಪಿಯ ಪಿಕಾಚು, ವ್ಯಾನ್ ಗೋನ ಮಲಗುವ ಕೋಣೆಯಲ್ಲಿ ಸ್ನೋರ್‌ಲ್ಯಾಕ್ಸ್ ಮತ್ತು ಮಂಚ್‌ಲ್ಯಾಕ್ಸ್, ಸೂರ್ಯಕಾಂತಿಗಳ ಜಾಗದಲ್ಲಿ ಸನ್‌ಫ್ಲೋರಾ. ಆದರೆ ಉದ್ಘಾಟನೆಗೇ ನಿಲ್ಲಿಸಿದ್ದೀರಿ. ಟೋಪಿಯ ಪಿಕಾಚು ಅಚ್ಚಾದ ಪ್ರಚಾರ ಕಾರ್ಡಿಗಾಗಿ ಜನ ಮುಗಿಬಿದ್ದರು, ಮಾರಿಕೊಳ್ಳಲು ಬಂದವರು ಮ್ಯೂಸಿಯಂ ಅಂಗಡಿಯನ್ನೇ ಖಾಲಿ ಮಾಡಿದರು. ಅಕ್ಟೋಬರಿನಲ್ಲಿ ಸುರಕ್ಷತೆಯ ಕಾರಣ ಕೊಟ್ಟು ಮ್ಯೂಸಿಯಂ ಆ ಕಾರ್ಡು ಹಂಚುವುದನ್ನು ನಿಲ್ಲಿಸಿತು. ಇದನ್ನೆಲ್ಲ ಬಿಟ್ಟು ‘ಕಾರ್ಡಿನ ಇಂದಿನ ಬೆಲೆ’ ಎಂಬ ಉಪವಿಭಾಗ ಮಾಡಿದ್ದೀರಿ. ಬೆಲೆ ತೆಗೆಯಿರಿ. ನಾಳೆ ಅದು ಬೇರೆ ಇರುತ್ತದೆ, ತಿದ್ದುತ್ತಾ ಕೂರುವವರು ಯಾರು?

ಇದೇ ಪುಟಕ್ಕೆ ಇನ್ನೆರಡನ್ನು ಸೇರಿಸಬಹುದು. ನೀವು ಮೆಕ್‌ಡೊನಾಲ್ಡ್ಸ್‌ನ ಕಾರ್ಡುಗಳಿಗೆ ವರ್ಷಕ್ಕೊಂದು ಪುಟ ಕೇಳಿದ್ದೀರಿ, ಬೇಡ. 2021ರಲ್ಲಿ ಅಮೆರಿಕದ ಹ್ಯಾಪಿ ಮೀಲ್ ಕಾರ್ಡುಗಳಿಗೆ ಆದದ್ದು, 2023ರಲ್ಲಿ ಮ್ಯೂಸಿಯಂನಲ್ಲಿ ಆದದ್ದು, 2025ರ ಆಗಸ್ಟಿನಲ್ಲಿ ಜಪಾನಿನಲ್ಲಿ ಆದದ್ದು ಮೂರೂ ಒಂದೇ ಜಾತಿ: ಕಾರ್ಡು ಮಾರಿಕೊಳ್ಳುವವರ ನೂಕುನುಗ್ಗಲು. ಜಪಾನಿನಲ್ಲಂತೂ ಜನ ಕಾರ್ಡು ಎತ್ತಿಕೊಂಡು ಊಟ ಬಿಸಾಡಿ ಹೋದರು, ಕಂಪನಿ ಕ್ಷಮೆ ಕೇಳಬೇಕಾಯಿತು. ‘ಪ್ರಚಾರ ಕಾರ್ಡುಗಳು ಮತ್ತು ಮರುಮಾರಾಟ’ ಎಂದು ಒಂದೇ ಪುಟ ಮಾಡಿ. ಬಿಡಿ ಬಿಡಿಯಾಗಿ ಇಟ್ಟರೆ ಮೂರು ಚುಟುಕು, ಒಟ್ಟಿಗೆ ಇಟ್ಟರೆ ಓದುವವರಿಗೆ ಏನೋ ತಿಳಿಯುತ್ತದೆ.

ಒಂದು ಕಡೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. 1999ರ ಬರ್ಗರ್ ಕಿಂಗ್ ಆಟಿಕೆಗಳನ್ನು ‘ಮಧುರ ನೆನಪು’ ಎಂದು ಕರೆದು ಬಿಟ್ಟಿದ್ದೀರಿ. ಮೊದಲ ಪೊಕೆಮಾನ್ ಸಿನಿಮಾದ ಜೊತೆ ಕೊಟ್ಟ ಆ ಪ್ಲಾಸ್ಟಿಕ್ ಪೊಕೆ ಬಾಲ್‌ನ ಅರ್ಧ ಭಾಗ ಮುಖಕ್ಕೆ ಕಚ್ಚಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ಒಂದು ಹಸುಳೆ ಉಸಿರುಗಟ್ಟಿ ತೀರಿಕೊಂಡಿತು. ಡಿಸೆಂಬರಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಬಾಲ್‌ಗಳನ್ನು ಹಿಂದಕ್ಕೆ ಕರೆಯಲಾಯಿತು. ತಂದುಕೊಟ್ಟವರಿಗೆ ಒಂದು ಸಣ್ಣ ಪೊಟ್ಟಣ ಫ್ರೈಸ್ ಕೊಡುತ್ತಿದ್ದರು. ನಿಮಗೆ ಇದು ಗೊತ್ತಿರಲಿಲ್ಲವೆಂದರೆ ಹುಡುಕದೇ ಬರೆದಿರಿ ಎಂದಾಯಿತು. ಗೊತ್ತಿದ್ದೂ ಬಿಟ್ಟಿದ್ದರೆ ಅದು ಇನ್ನೂ ಕೆಟ್ಟದ್ದು. ಅಭಿಮಾನಿಗಳ ವಿಕಿ ಎಂದ ಮಾತ್ರಕ್ಕೆ ನಾವು ಯಾರ ವಕಾಲತ್ತೂ ವಹಿಸಿಲ್ಲ.

ಫೋನ್ ಹಿಡಿದು ಊರು ಸುತ್ತುತ್ತಾ ಆಡುವ ಪೊಕೆಮಾನ್ ಗೋ ಆಟದ ಪ್ರಾಯೋಜಕರ ಭಾಗವನ್ನು ಬೇಗ ಮುಗಿಸುತ್ತೇನೆ. ಸ್ಟಾರ್‌ಬಕ್ಸ್ ಮಳಿಗೆಗಳ ವಿಳಾಸಪಟ್ಟಿ ನಮಗೆ ಬೇಡ. ಜಿಯೊ ಬೇಕು, ಏಕೆಂದರೆ 2016ರ ಡಿಸೆಂಬರಿನಲ್ಲಿ ಆಟ ಅಧಿಕೃತವಾಗಿ ಭಾರತಕ್ಕೆ ಬಂದದ್ದೇ ಆ ಒಪ್ಪಂದದ ಜೊತೆಗೆ, ರಿಲಯನ್ಸ್ ಡಿಜಿಟಲ್ ಅಂಗಡಿಗಳು ಪೊಕೆಸ್ಟಾಪ್ (ಆಟಗಾರರಿಗೆ ವಸ್ತುಗಳು ಸಿಗುವ ತಾಣ) ಆದದ್ದೂ ಹಾಗೆಯೇ. ಅದಕ್ಕೂ ತಿಂಗಳುಗಳ ಮೊದಲೇ ಆಟದ ಎಪಿಕೆ (ಆಂಡ್ರಾಯ್ಡ್ ಆಪ್ ಫೈಲು) ಹೊರಗಿನಿಂದ ಇಳಿಸಿಕೊಂಡು ಕಬ್ಬನ್ ಪಾರ್ಕಿನಲ್ಲಿ ಅಲೆದವರು ನಮ್ಮ ಓದುಗರಲ್ಲೇ ಇದ್ದಾರೆ. ಗೋ ಪುಟದಲ್ಲಿ ‘ಭಾರತದಲ್ಲಿ’ ಎಂಬ ಒಂದು ವಿಭಾಗ ಸಾಕು.

ಇನ್ನು ಆ ಒಂದು ಸಾಲು. ‘ನಮ್ಮಲ್ಲೂ ಚಿಪ್ಸ್ ಪ್ಯಾಕೆಟ್ಟಿನಲ್ಲಿ ಟ್ಯಾಝೊ ಬರುತ್ತಿದ್ದವು, ನನ್ನ ಹತ್ತಿರ ಈಗಲೂ ಒಂದು ಡಬ್ಬಿ ಇದೆ’ ಎಂದು ಬರೆದು, ಮುಂದಿನ ಸಾಲಿಗೇ ಟೋಕಿಯೊದ ಕೆಫೆಯ ಮೆನುಗೆ ಹಾರಿದ್ದೀರಿ. ಸ್ವಾಮಿ, ಆ ಮೆನು ಇಂಗ್ಲಿಷ್ ಮತ್ತು ಜಪಾನಿ ಅಭಿಮಾನಿಗಳ ಬಳಿ ಬೆಲೆ, ಫೋಟೊ ಸಮೇತ ಇದೆ. ನಮ್ಮ ಟ್ಯಾಝೊ ದಾಖಲೆ ಮಾಡಲು ಅವರು ಬರುತ್ತಾರೆಯೇ? ಕಾರ್ಟೂನ್ ನೆಟ್‌ವರ್ಕ್ ಬರದ ಮನೆಗಳ ಮಕ್ಕಳೂ ಚಾರಿಜಾರ್ಡ್ ಮುಖ ಗುರುತಿಸುತ್ತಿದ್ದರೆ ಅದು ಈ ಪ್ಲಾಸ್ಟಿಕ್ ಬಿಲ್ಲೆಗಳಿಂದ. ಆಟದೊಳಗೆ ಅವುಗಳಿಂದ ಏನೂ ಬದಲಾಗಲಿಲ್ಲ, ನಿಜ. ಆದರೆ ಉಳಿದದ್ದೇನು ಎಂದರೆ ನಿಮ್ಮ ಡಬ್ಬಿಯೇ ಉತ್ತರ.

ಆದ್ದರಿಂದ ಟ್ಯಾಝೊಗೆ ಪುಟ ಕೊಡುತ್ತೇನೆ, ಕರಾರಿನ ಮೇಲೆ. ‘ಆಗ ಎಲ್ಲ ಮಕ್ಕಳೂ ಕೂಡಿಡುತ್ತಿದ್ದರು’ ಎಂಬಂಥ ಸಾಲು ಬೇಡ. ಒಂದೊಂದು ಬಿಲ್ಲೆಯ ಎರಡೂ ಬದಿಯ ಫೋಟೊ, ಮೇಲೆ ಅಚ್ಚಾದ ಸಂಖ್ಯೆ, ಪೊಕೆಮಾನ್ ಹೆಸರು, ಹಿಂಬದಿಯಲ್ಲಿ ಇರುವ ಅಕ್ಷರ ಇದ್ದ ಹಾಗೆ. ಇಸವಿಯನ್ನು ನೆನಪಿನಿಂದ ಬರೆಯಬೇಡಿ. ಬಿಲ್ಲೆಯ ಮೇಲೆ ಇದ್ದರೆ ಹಾಕಿ, ಇಲ್ಲದಿದ್ದರೆ ಆ ಜಾಗ ಖಾಲಿ ಇರಲಿ. ಶಾಲೆಯ ಹಿಂದೆ ಆಡುತ್ತಿದ್ದ ಆಟದ ನಿಯಮ ಬರೆಯುವುದಾದರೆ ಬೇರೆ ಬೇರೆ ಊರಿನ ಇಬ್ಬರು ಮೂವರನ್ನು ಕೇಳಿ, ಯಾವ ಊರಿನ ನಿಯಮ ಎಂದು ಪಕ್ಕದಲ್ಲೇ ನಮೂದಿಸಿ. ಹುಬ್ಬಳ್ಳಿಯವರದ್ದೂ ಮೈಸೂರಿನವರದ್ದೂ ತಾಳೆಯಾಗದಿದ್ದರೆ ಎರಡನ್ನೂ ಇಡೋಣ.

ಮೊದಲು ಆರ್ಸಿಯಸ್ ಪುಟ ಕಳಿಸಿ. ಅದು ಸರಿಬಂದರೆ ಉಳಿದವನ್ನು ನೇರವಾಗಿ ವಿಕಿಯಲ್ಲೇ ಬರೆಯಲು ನಿಮಗೆ ಅನುಮತಿ ಕೊಡುತ್ತೇನೆ. ಟ್ಯಾಝೊ ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ, ಪ್ಲಾಸ್ಟಿಕ್ ಹೊಳೆದು ಸಂಖ್ಯೆ ಕಾಣುವುದಿಲ್ಲ. ಕಿಟಕಿಯ ಪಕ್ಕ ಬಿಳಿ ಹಾಳೆಯ ಮೇಲಿಟ್ಟು, ಜೊತೆಗೆ ಒಂದು ಸ್ಕೇಲು ಇಟ್ಟು ತೆಗೆಯಿರಿ.