ಗೆಳೆಯರು ಇಥಿಯೋಪಿಯನ್ ಊಟಕ್ಕೆ ಕರೆದಿದ್ದಾರೆ. ನಾನು ಸಸ್ಯಾಹಾರಿ, ಹೊಸ ರುಚಿ ಅಂದರೆ ಹಿಂಜರಿಕೆ. ಏನು ಆರ್ಡರ್ ಮಾಡಲಿ?

ಖಂಡಿತ ಹೋಗಿ. ಆಫ್ರಿಕಾದ ಅಡುಗೆ ಅಂದರೆ ಬರೀ ಮಾಂಸ ಅನ್ನುವ ಭಯ ಇಲ್ಲಿ ಬೇಡ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಬಹುಪಾಲು ಬುಧವಾರ, ಶುಕ್ರವಾರಗಳಲ್ಲಿ ಮತ್ತು ಈಸ್ಟರ್‌ಗೆ ಮುಂಚಿನ 55 ದಿನ ಉಪವಾಸವೆಂದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಹಾಗಾಗಿ ಬೇಳೆ, ಸೊಪ್ಪು, ತರಕಾರಿಯ ಅಡುಗೆ ಅಲ್ಲಿ ತುಂಬಾ ಬೆಳೆದಿದೆ.

‘ಯೆತ್ಸೋಮ್ ಬೆಯೈನೆಟು’ ಕೊಡಿ ಎನ್ನಿ. ಉಪವಾಸದ ಪದಾರ್ಥಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಬಡಿಸಿ ಕೊಡುತ್ತಾರೆ. ಬರೀ ‘ವೆಜ್’ ಅಂದರೆ ನಿತಿರ್ ಕಿಬೆ, ಅಂದರೆ ಮಸಾಲೆ ಹಾಕಿ ಕಾಯಿಸಿದ ತುಪ್ಪ, ಬಿದ್ದಿರಬಹುದು. ನೀವು ತುಪ್ಪ ತಿನ್ನುವವರಾದರೆ ತೊಂದರೆಯಿಲ್ಲ. ಕೆಲವರು ಉಪವಾಸದಲ್ಲೂ ಮೀನು ತಿನ್ನುತ್ತಾರೆ, ಅದು ಬೇಡವೆಂದು ಬಾಯಿಬಿಟ್ಟು ಹೇಳಿ. ಶಿರೊ (ಕಡಲೆ ಹಿಟ್ಟಿನ ಗಟ್ಟಿ ಸಾರು) ತರಿಸುವಾಗ ‘ಬೊಝೆನಾ ಶಿರೊ’ ಅಲ್ಲ ತಾನೇ ಎಂದು ನೋಡಿಕೊಳ್ಳಿ, ಅದರಲ್ಲಿ ಮಾಂಸ ಇರುತ್ತದೆ.

ಮುಖ್ಯವಾದ ಮಾತು: ಗೆಳೆಯರು ಮಾಂಸ ತರಿಸುವುದಾದರೆ ನಿಮ್ಮ ತಟ್ಟೆ ಬೇರೆ ಇರಲಿ. ಎಲ್ಲವನ್ನೂ ಒಂದೇ ಇಂಜೆರಾ (ದೋಸೆಯಂತೆ ಕಾಣುವ ಹುಳಿ ರೊಟ್ಟಿ) ಮೇಲೆ ಸುರಿಯುವುದು ಅಲ್ಲಿನ ರೂಢಿ. ನಡುವೆ ಡೊರೊ ವೊತ್ (ಕೋಳಿ, ಮೊಟ್ಟೆಯ ಗಟ್ಟಿ ಸಾರು) ಬಿದ್ದರೆ ಅದರ ರಸವನ್ನು ಕೆಳಗಿನ ಇಂಜೆರಾ ಹೀರಿಕೊಂಡು ಪಕ್ಕದ ಬೇಳೆಗೂ ಹರಡುತ್ತದೆ. ಆರ್ಡರ್ ಆದಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಈ ಊಟ ಕಷ್ಟ. ಎಣ್ಣೆ ಹಾಕುವ ಮೊದಲೇ ಸಣ್ಣಗೆ ಹೆಚ್ಚಿದ ರಾಶಿ ಈರುಳ್ಳಿಯನ್ನು ಬಹಳ ಹೊತ್ತು ಬಾಡಿಸುತ್ತಾರೆ. ‘ವೊತ್’ ಗಟ್ಟಿಯಾಗುವುದೇ ಅದರಿಂದ, ತೆಗೆದು ಮಾಡಿಕೊಡಿ ಅನ್ನುವ ಹಾಗಿಲ್ಲ.

ಇನ್ನು ಇಂಜೆರಾ. ತೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ನಮ್ಮವರು ನಿರಾಸೆಪಡುವುದು ಇದನ್ನು ದೋಸೆ ಎಂದುಕೊಂಡು ಹೋದಾಗ: ಬಿಸಿ ಇರುವುದಿಲ್ಲ, ಗರಿಗರಿ ಇರುವುದಿಲ್ಲ, ಹುಳಿ ಜಾಸ್ತಿ. ಬರೀ ಇಂಜೆರಾ ಕಚ್ಚಿ ರುಚಿ ನೋಡಬೇಡಿ. ಅದರ ಹುಳಿ ಬೇಳೆಯ ಜೊತೆ ಸೇರಿದಾಗಲೇ ಹದವಾಗುವುದು. ಗೋಧಿ ಆಗದವರು ಪೂರ್ತಿ ತೆಫ್‌ನದೇ ಎಂದು ವಿಚಾರಿಸಬೇಕು, ಇಥಿಯೋಪಿಯದ ಹೊರಗೆ ಗೋಧಿ ಅಥವಾ ಬಾರ್ಲಿ ಬೆರೆಸುವುದು ಸಾಮಾನ್ಯ.

ಶುರು ಮಾಡುವುದು ಕಿಕ್ ಅಲಿಚಾದಿಂದ. ಅರಿಶಿನ ಹಾಕಿದ ಹಳದಿ ಬಟಾಣಿ ಬೇಳೆ, ಖಾರ ಇಲ್ಲ. ಆಮೇಲೆ ತಿಕಿಲ್ ಗೊಮೆನ್ (ಕೋಸು, ಕ್ಯಾರೆಟ್, ಆಲೂಗಡ್ಡೆ), ಗೊಮೆನ್ (ಸೊಪ್ಪು). ಕೆಂಪಗಿರುವ ಮಿಸಿರ್ ವೊತ್ ಕೊನೆಗಿರಲಿ. ಅದು ಮಸೂರ ಬೇಳೆ, ಆದರೆ ಅದರಲ್ಲಿರುವ ಬರ್ಬೆರೆ ಪುಡಿಯ ಖಾರ ತುತ್ತಿನಿಂದ ತುತ್ತಿಗೆ ಏರುತ್ತದೆ. ಖಾಲಿ ಹೊಟ್ಟೆಗೆ ಹುಳಿ, ಖಾರ ಒಟ್ಟಿಗೆ ಬಿದ್ದರೆ ಎದೆ ಉರಿಯಬಹುದು. ಇಡೀ ತಟ್ಟೆಯಲ್ಲಿ ನನಗೆ ಅತಿ ಇಷ್ಟವಾದದ್ದು ಮಾತ್ರ ಈ ಮಿಸಿರ್ ವೊತ್ತೇ, ಬಿಡಬೇಡಿ.

ತಿನ್ನುವುದು ಬಲಗೈಯಿಂದ. ಪಕ್ಕದಲ್ಲಿ ಸುತ್ತಿಟ್ಟ ಇಂಜೆರಾದಿಂದ ಎರಡು ಮೂರು ಬೆರಳಗಲದ ತುಂಡು ಹರಿದು, ಪದಾರ್ಥದ ಮೇಲೆ ಹೊದಿಸಿ ಚಿವುಟಿ ತೆಗೆಯಿರಿ. ದೊಡ್ಡ ತುಂಡು ಹರಿದರೆ ಬೇಳೆ ಮುಗಿಯುವ ಮೊದಲೇ ಹೊಟ್ಟೆ ತುಂಬುತ್ತದೆ. ತಟ್ಟೆಯಲ್ಲಿ ನಿಮ್ಮ ಮುಂದಿನ ಭಾಗದಿಂದಲೇ ತೆಗೆದುಕೊಳ್ಳಿ. ಯಾರಾದರೂ ತುತ್ತು ಕಟ್ಟಿ ನಿಮ್ಮ ಬಾಯಿಗೇ ಹಿಡಿದರೆ ಗಾಬರಿಯಾಗಬೇಡಿ, ಅದು ಗುರ್ಷಾ, ಪ್ರೀತಿಯ ಕ್ರಮ. ಎಂಜಲು ಅನ್ನಿಸಿದರೆ ನಗುತ್ತಾ ಕೈಯಲ್ಲಿ ಇಸಿದುಕೊಳ್ಳಿ. ಆ ತುತ್ತಿನಲ್ಲಿ ಮಾಂಸ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ.

ಕಾಫಿ ಬೇಕಿದ್ದರೆ ಊಟದ ಜೊತೆಗೇ ಹೇಳಿಬಿಡಿ. ಸಾಂಪ್ರದಾಯಿಕವಾಗಿ ಮಾಡುವ ಕಡೆ ಹಸಿ ಬೀಜ ಹುರಿಯುವುದರಿಂದ ಶುರುಮಾಡಿ, ಪುಡಿ ಮಾಡಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಅಬೋಲ್, ತೋನಾ, ಬೆರೆಕಾ ಎಂದು ಮೂರು ಸುತ್ತು, ಪ್ರತಿ ಸುತ್ತಿಗೂ ಕಡುತನ ಕಡಿಮೆ. ರಾತ್ರಿ ನಿದ್ದೆ ಕೆಡುವವರು ಮೊದಲ ಸುತ್ತು ಬಿಟ್ಟು ಮೂರನೆಯದನ್ನು ಕುಡಿಯಿರಿ.