ಪೈಪ್ ಕೊರೆಯದೆ ಸ್ಟೀಮ್ ಅಳೆಯಬಹುದಾ?

ಪ್ರಶ್ನೆ: ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ತೇನ್ರಿ. ನೀರಿನ ಪೈಪಿಗೆ ಹೊರಗಿನಿಂದ ಕಟ್ಟುವ ಅಲ್ಟ್ರಾಸಾನಿಕ್ ಮೀಟರನ್ನೇ ಎಕ್ಸಾಸ್ಟ್ ಸ್ಟೀಮ್ (ಟರ್ಬೈನ್ ತಿರುಗಿಸಿ ಹೊರಬರುವ ಹಬೆ) ಪೈಪಿಗೂ ಕಟ್ಟಿದೆವು. ಸಿಗ್ನಲ್ಲೇ ಬರ್ತಿಲ್ಲ. ಮೀಟರ್ ಕೆಟ್ಟಿದೆಯಾ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಮೀಟರ್ ಕೆಟ್ಟಿರಲಿಕ್ಕಿಲ್ಲ, ಪಾಪ, ಅದಕ್ಕೆ ಕೇಳಿಸ್ತಿಲ್ಲ ಅಷ್ಟೇ. ಎರಡು ಸೆನ್ಸರ್ ಒಂದಕ್ಕೊಂದು ಶಬ್ದ ಕಳಿಸುತ್ತವೆ. ಹರಿವಿನ ಜೊತೆ ಹೋದದ್ದು ಬೇಗ ಮುಟ್ಟುತ್ತದೆ, ಎದುರು ಹೋದದ್ದು ತುಸು ತಡ, ಆ ವ್ಯತ್ಯಾಸದಿಂದಲೇ ವೇಗದ ಲೆಕ್ಕ. ನೀರಾದರೆ ಘನ ಮೀಟರಿಗೆ ಸುಮಾರು 1000 ಕೆಜಿ. ನಿಮ್ಮ ಗೇಜ್ 1.5 ಬಾರ್ ತೋರಿಸಿದರೆ ಅದೇ ಜಾಗದಲ್ಲಿ ಸ್ಟೀಮ್ ಒಂದೂವರೆ ಕೆಜಿಯೂ ಇರಲ್ಲ. ಹಾಗಾಗಿ ಶಬ್ದ ಉಕ್ಕಿನಿಂದ ಸ್ಟೀಮಿಗೆ ದಾಟುವುದೇ ಇಲ್ಲ, ಹೆಚ್ಚುಕಮ್ಮಿ ಎಲ್ಲಾ ಪೈಪಿನ ಗೋಡೆಯಲ್ಲೇ ಸುತ್ತು ಹೊಡೆದು ಬರೀ ಗದ್ದಲ ಆಗುತ್ತದೆ. ಸೆನ್ಸರಿಗೂ ಪೈಪಿಗೂ ನಡುವೆ ಸಾಮಾನ್ಯ ಜೆಲ್ ಹಚ್ಚಿದ್ದರೆ ಬಿಸಿಗೆ ಅದೂ ಒಣಗಿ ಪುಡಿಯಾಗಿರಬೇಕು, ತೆಗೆದು ನೋಡಿ.

ಸ್ಟೀಮಿಗೆಂದೇ ಮಾಡಿದ ಹೊರಗೆ ಕಟ್ಟುವ ಮೀಟರ್ ಇವೆ, ಆದರೆ ಅವಕ್ಕೂ ಒತ್ತಡ ಜಾಸ್ತಿ ಬೇಕು. ಈ ಲೈನಿಗೆ ಪೈಪಿನೊಳಗೇ ಕೂರುವ ವೋರ್ಟೆಕ್ಸ್ (ಸುಳಿ ಎಣಿಸುವ) ಅಥವಾ ಓರಿಫಿಸ್ (ತೂತಿನ ತಟ್ಟೆಯ) ಮೀಟರೇ ವಾಸಿ. ಅದನ್ನು ಹಂಗಾಮು ಮುಗಿದ ಮೇಲೆ, ಬೆಂಡು, ವಾಲ್ವು ಹತ್ತಿರ ಇಲ್ಲದ ನೇರ ಪೈಪಿನಲ್ಲಿ ಕೂರಿಸಿ. ಮತ್ತೆ ಟನ್ ಲೆಕ್ಕ ಬೇಕಂದ್ರೆ ಒತ್ತಡ, ಉಷ್ಣತೆ ಎರಡನ್ನೂ ಜೊತೆಗೇ ಅಳೆಯಬೇಕು, ಬರೀ ವೇಗ ಸಾಲದು.

ಅಲ್ಲಿಯವರೆಗೆ ನಿಮ್ಮ ಮೀಟರನ್ನು ಬಿಸಿ ತಡೆಯುವ ಜೆಲ್ ಹಚ್ಚಿ ಬಾಯ್ಲರಿಗೆ ನೀರು ಹೋಗುವ ಫೀಡ್ ವಾಟರ್ ಪೈಪಿಗೆ ಕಟ್ಟಿ, ಅದರಲ್ಲಿ ಬ್ಲೋಡೌನ್ (ಬಾಯ್ಲರಿನಿಂದ ಹೊರಬಿಡುವ ಕೊಳೆ ನೀರು) ಕಳೆದರೆ ಬಾಯ್ಲರ್ ಎಷ್ಟು ಸ್ಟೀಮ್ ಕೊಡ್ತಿದೆ ಅನ್ನೋದಾದರೂ ಸಿಗುತ್ತೆ ಅಲ್ವಾ?