ಬೇರೆಯವರ ಪ್ರಭಾವ ಬಿಟ್ಟು ಸ್ವಂತ ಶೈಲಿ ಬರೋದು ಯಾವಾಗ?

ನಿಮಗೆ 22 ವರ್ಷ. ಯಾವ ಚಿತ್ರ ಬರೆದರೂ ನೋಡಿದವರು "ಇದು ಗೊಗಾಂ ಥರ ಇದೆ" ಅನ್ನುತ್ತಾರೆ (ಗೊಗಾಂ ಅಂದರೆ ತಾಹಿತಿ ದ್ವೀಪದ ಹೆಂಗಸರನ್ನು ಚಪ್ಪಟೆ ಬಣ್ಣಗಳಲ್ಲಿ ಬರೆದ ಫ್ರೆಂಚ್ ಚಿತ್ರಕಾರ), ಅದಕ್ಕೆ ಬೇರೆಯವರ ಚಿತ್ರ ನೋಡುವುದನ್ನೇ ನಿಲ್ಲಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಅಮೃತಾ ಶೇರ್‌ಗಿಲ್ ಚಿತ್ರಗಳನ್ನು ಇಸವಿ ಪ್ರಕಾರ ಜೋಡಿಸಿಕೊಂಡು ಒಮ್ಮೆ ನೋಡಿ.

ಅವರು ಹುಟ್ಟಿದ್ದು 1913ರಲ್ಲಿ, ಬುಡಾಪೆಸ್ಟ್‌ನಲ್ಲಿ. ಅಪ್ಪ ಪಂಜಾಬಿನವರು, ಅಮ್ಮ ಹಂಗೆರಿಯವರು. 16ನೇ ವಯಸ್ಸಿಗೆ ಪ್ಯಾರಿಸ್ ಸೇರಿ ಚಿತ್ರಕಾರ ಲೂಸಿಯನ್ ಸಿಮೋನ್ ಹತ್ತಿರ ಕಲಿತರು. 1932ರ 'ಯಂಗ್ ಗರ್ಲ್ಸ್' ಚಿತ್ರಕ್ಕೆ ಅಲ್ಲಿಯ ಸಲೋನ್ ಎಂಬ ದೊಡ್ಡ ಚಿತ್ರಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು. ನನಗೆ ಮಾತ್ರ ಅದು ಜಾಣ ವಿದ್ಯಾರ್ಥಿಯ ಉತ್ತರಪತ್ರಿಕೆ ಥರ ಕಾಣುತ್ತದೆ. ಎಲ್ಲಾ ಸರಿಯಾಗಿದೆ, ಅಷ್ಟೇ. 1934ರಲ್ಲಿ ತನ್ನನ್ನೇ ತಾಹಿತಿ ಹೆಂಗಸಿನಂತೆ ಬರೆದುಕೊಂಡರು. ನಿಮ್ಮ ಅದೇ ಗೊಗಾಂ! ಮುಚ್ಚಿಡುವ ಪ್ರಯತ್ನವೇ ಇಲ್ಲ.

ಆ ವರ್ಷದ ಕೊನೆಗೆ ಭಾರತಕ್ಕೆ ಬಂದರು. ಮರುವರ್ಷ 'ಥ್ರೀ ಗರ್ಲ್ಸ್' ಬರೆದಾಗ ಅವರಿಗೂ 22. ದೆಹಲಿಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅದರ ಮುಂದೆ ಕಾಲು ನೋಯುವ ತನಕ ನಿಂತಿದ್ದೆ. ಮೂರು ಹುಡುಗಿಯರು ಕೂತಿದ್ದಾರೆ. ಒಬ್ಬಳೂ ನಮ್ಮ ಕಡೆ ನೋಡುವುದಿಲ್ಲ. ಹಿಂದೆ ಮನೆ, ಕಿಟಕಿ, ಮರ ಏನೂ ಇಲ್ಲ. ಗೊಗಾಂ ಥರದ ಚಪ್ಪಟೆ ಬಣ್ಣ ಇದೆ, ಆದರೆ ಆ ಮೌನ ಗೊಗಾಂದಲ್ಲ. ಮದುವೆ ಮಾತುಕತೆ ನಡೆಯುವಾಗ ಒಳಕೋಣೆಯಲ್ಲಿ ಕೂತ ಹುಡುಗಿಯರ ಮುಖ ನೋಡಿದ್ದೀರಲ್ಲ, ಹಾಗಿದೆ.

ಆಮೇಲೆ ಅಜಂತಾ ನೋಡಿದರು, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರ ನೋಡಿದರು, ದಕ್ಷಿಣವೆಲ್ಲ ತಿರುಗಿದರು. 1937ರ 'ಬ್ರಹ್ಮಚಾರೀಸ್' ಬಂದದ್ದು ಈ ಸುತ್ತಾಟದಿಂದ. ಬಿಳಿ ಪಂಚೆ ಉಟ್ಟ ಐದು ಜನ. ಕಾಲೇಜಿನಲ್ಲಿದ್ದಾಗ ನಾನು ಇದನ್ನು ನಕಲು ಮಾಡಲು ಹೋಗಿ ಮಣ್ಣು ಮುಕ್ಕಿದ್ದೆ. ಟ್ಯೂಬಿನ ಬಿಳಿಯನ್ನು ಹಾಗೇ ಬಳಿದೆ. ಪಂಚೆಗಳೆಲ್ಲ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಕಂಡವು, ಮೈಮೇಲೆ ಕೂರಲೇ ಇಲ್ಲ. ಮತ್ತೆ ಮುದ್ರಿತ ಚಿತ್ರ ಹಿಡಿದು ನೋಡಿದರೆ ಒಂದು ಬಿಳಿಯಂತೆ ಇನ್ನೊಂದು ಬಿಳಿ ಇಲ್ಲ! ಪಕ್ಕದ ಮೈಬಣ್ಣವನ್ನು ಚೂರು ಚೂರು ಬೆರೆಸುತ್ತಾ ನಾಲ್ಕು ಭಾನುವಾರ ಕಳೆದೆ. ನಕಲು ಕೊನೆಗೂ ಕೆಟ್ಟೇ ಹೋಯಿತು. ಆದರೆ ಅವತ್ತಿನಿಂದ ನಾನು ಬಿಳಿಯನ್ನು ಟ್ಯೂಬಿನಿಂದ ನೇರ ಹಾಕಿಲ್ಲ. ನನ್ನ ಚಿತ್ರ ನೋಡಿದವರು ಈಗ "ನಿನ್ನ ಬಿಳಿ" ಅನ್ನುತ್ತಾರೆ, ಅದು ಹೀಗೆ ಬಂದದ್ದು.

ಅಮೃತಾ ಅಲ್ಲಿಗೂ ನಿಲ್ಲಲಿಲ್ಲ. ಮೊಘಲ್ ಮತ್ತು ಪಹಾಡಿ (ಹಿಮಾಲಯದ ಗುಡ್ಡನಾಡಿನ) ಶೈಲಿಯ ಪುಟ್ಟ ಗಾತ್ರದ ಮಿನಿಯೇಚರ್ ಚಿತ್ರಗಳ ಹಿಂದೆ ಬಿದ್ದರು. ಆಮೇಲಿನ ಎಷ್ಟೋ ಚಿತ್ರಗಳಲ್ಲಿ ಮನುಷ್ಯರು ಚಿಕ್ಕದಾದರು, ಅಂಗಳ ದೊಡ್ಡದಾಯಿತು, ಕೆಂಪು ಹಸಿರು ಜಾಸ್ತಿಯಾಯಿತು. 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಬರೀ 28 ವರ್ಷ. ಇಷ್ಟರಲ್ಲಿ ಎಷ್ಟು ಜನರ ಪ್ರಭಾವ ಆಯಿತು, ಎಣಿಸಿ ನೋಡಿ.

ಅಂದಹಾಗೆ, ಪ್ರಶ್ನೆ ಜೊತೆ ನಿಮ್ಮ ಚಿತ್ರದ ಫೋಟೋ ಹಾಕಿದ್ದೀರಲ್ಲ, ಹೂ ಮಾರುವ ಅಜ್ಜಿ. ಹಿಂದಿನ ಹಳದಿ ಗೊಗಾಂದೇ, ಜನ ಸುಮ್ನೆ ಹೇಳುತ್ತಿಲ್ಲ. ಆದರೆ ಮೊಳ ಹಾಕುವಾಗ ಅಜ್ಜಿ ಮೊಣಕೈಯನ್ನು ಚೂರು ಒಳಗೆಳೆದುಕೊಂಡು ಅಳತೆ ಕದಿಯುತ್ತಾಳಲ್ಲ, ಅದನ್ನು ನೀವೇ ನೋಡಿದ್ದು ಅಲ್ವಾ? ಆ ಕೈಯನ್ನೇ ಇನ್ನೊಂದು ಹತ್ತು ಸಲ ಬರೆಯಿರಿ. ಹಳದಿ ಇದ್ದರೆ ಇರಲಿ ಬಿಡಿ.